ಕ್ವೇಕರ್ ಮೀಟಿಂಗ್‌ಹೌಸ್‌ನಲ್ಲಿ ಎಲೆ ಗುಡಿಸುವ ಶನಿವಾರ: ಅಮ್ಮನನ್ನೂ ಕರೆದುಕೊಂಡು ಹೋಗಲಾ?

ತಿಪಟೂರಿನವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡಿಕೊಂಡು ಓದಿ.

ನಾವಿರುವುದು ಫಿಲಡೆಲ್ಫಿಯಾದಿಂದ ಪಶ್ಚಿಮಕ್ಕೆ ಅರ್ಧ ಗಂಟೆ ದಾರಿ. ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರ ಒಂದು ಹಳೇ ಕಲ್ಲಿನ ಕಟ್ಟಡ ಇದೆ. ಗೋಪುರ ಇಲ್ಲ, ಶಿಲುಬೆ ಇಲ್ಲ, ಗಂಟೆಯೂ ಇಲ್ಲ. ಮೂರು ವರ್ಷ ಅದನ್ನು ಯಾವುದೋ ಹಳೇ ಶಾಲೆ ಅಂದುಕೊಂಡಿದ್ದೆ. ಅದು ಕ್ವೇಕರ್‌ ಅನ್ನುವ ಕ್ರೈಸ್ತ ಪಂಗಡದವರ ಮೀಟಿಂಗ್‌ಹೌಸ್, ಅಂದರೆ ಅವರು ಪ್ರಾರ್ಥನೆಗೆ ಸೇರುವ ಜಾಗ.

ಹೋದ ಫೆಬ್ರವರಿಯಲ್ಲಿ ಐಸ್ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡೆ. ಯಜಮಾನರು ಆಗ ಬೆಂಗಳೂರಿನಲ್ಲಿದ್ದರು. ಪಕ್ಕದ ಮನೆಯ ಅಜ್ಜಿ ಆ ಮೀಟಿಂಗ್‌ನವರು. ಅವರು ಯಾರಿಗೋ ಹೇಳಿದರು, ಆ ಯಾರೋ ಇನ್ಯಾರಿಗೋ ಹೇಳಿದರು. ಐದು ವಾರ ನನ್ನ ಮಗಳನ್ನು ಶಾಲೆಗೆ ಬಿಟ್ಟು ಕರೆದುಕೊಂಡು ಬಂದವರು ಅವರೇ, ಸರದಿ ಹಾಕಿಕೊಂಡು. ನಾವು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾಗಿ ಬೇಳೆ ಸೂಪ್ ಮಾಡಿ ತಂದರು. ಒಬ್ಬರೂ ದೇವರ ಮಾತು ಎತ್ತಲಿಲ್ಲ. ಕಾಲು ಸರಿಹೋದ ಮೇಲೆ ನಾನೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಈಗ ತಿಂಗಳಿಗೆ ಎರಡು ಭಾನುವಾರ ಹೋಗುತ್ತೇನೆ.

ವಿಷಯಕ್ಕೆ ಬರುತ್ತೇನೆ. ಅವರ ನವೆಂಬರ್-ಡಿಸೆಂಬರ್ ಕಾರ್ಯಕ್ರಮದ ಹಾಳೆ ನಮ್ಮ ಫ್ರಿಜ್ ಮೇಲಿದೆ. ದೀಪಾವಳಿ ಆದ ಮುಂದಿನ ಶನಿವಾರ ಎಲ್ಲರೂ ಸೇರಿ ಎಲೆ ಗುಡಿಸುವುದು, ಮುಂದಿನ ಅಂಗಳ ಮತ್ತು ಹಿಂದಿನ ಸಮಾಧಿ ಜಾಗ ಎರಡೂ. ಮಾರನೇ ದಿನ ಮೀಟಿಂಗ್ ಮುಗಿದ ಮೇಲೆ ಪಾಟ್‌ಲಕ್ (ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಹಂಚಿ ತಿನ್ನುವ ಊಟ), ಅದರ ಹಿಂದೆಯೇ ತಿಂಗಳ ವ್ಯವಹಾರದ ಸಭೆ. ಆಮೇಲೆ ಮನೆ ಇಲ್ಲದವರ ಶೆಲ್ಟರ್‌ಗೆ ಸ್ಯಾಂಡ್‌ವಿಚ್ ಕಟ್ಟುವ ದಿನ, ಸುತ್ತಲಿನ ಮೀಟಿಂಗ್‌ಗಳೆಲ್ಲ ಒಟ್ಟಿಗೆ ಸೇರುವ ಒಂದು ಭಾನುವಾರ, ಡಿಸೆಂಬರ್‌ನಲ್ಲಿ ಮೇಣದಬತ್ತಿ ಹಚ್ಚಿ ಹಾಡುವ ಸಂಜೆ.

ಅಮ್ಮ ತಿಪಟೂರಿನಿಂದ ಬಂದಿದ್ದಾರೆ. ಹಗಲೆಲ್ಲ ಮನೆಯಲ್ಲಿ ಒಬ್ಬರೇ. "ನಾನೂ ಬರ್ತೀನಿ, ಕಸ ಗುಡಿಸೋಕೆ ಇಂಗ್ಲಿಷ್ ಯಾಕೆ ಬೇಕು" ಅಂದರು. ಸಮಾಧಿ ಇದೆ ಅಂದ ಕೂಡಲೇ ಸುಮ್ಮನಾದರು. ಇವರು "ವಯಸ್ಸಾದವರನ್ನು ಯಾಕೆ ಎಳೀತೀಯ" ಅನ್ನುತ್ತಾರೆ. ಗೆಳತಿಯೊಬ್ಬಳು "ಇವತ್ತು ಎಲೆ, ನಾಳೆ ಬೈಬಲ್" ಅಂದಳು. ಆ ಮಾತು ಚುಚ್ಚಿದೆ.

ಕೇಳಬೇಕಾದ್ದು ಎರಡು. ಅಮ್ಮನನ್ನು ಕರೆದುಕೊಂಡು ಹೋಗಲಾ? ನಲವತ್ತು ಜನದ ಪಾಟ್‌ಲಕ್‌ಗೆ ಏನು ಮಾಡಲಿ?

ರಾಗಿಮುದ್ದೆ77

ಎರಡನೆಯದಕ್ಕೆ ಉತ್ತರ: ಚಿತ್ರಾನ್ನ. ಆರಿದರೂ ಚೆನ್ನಾಗಿರುತ್ತದೆ, ಬಿಸಿ ಮಾಡುವ ತಾಪತ್ರಯ ಇಲ್ಲ.

ಬಲ್ಮಠದವಳು

ಚಿತ್ರಾನ್ನಕ್ಕೆ ಕಡಲೆಬೀಜ ಮಾತ್ರ ಹಾಕಬೇಡಿ. ಅಲರ್ಜಿ ಇರುವ ಮಕ್ಕಳು ಖಂಡಿತ ಇರುತ್ತಾರೆ. ಏನೇನು ಹಾಕಿದ್ದೀರಿ ಅಂತ ಒಂದು ಚೀಟಿ ಬರೆದು ಪಾತ್ರೆ ಮುಂದೆ ಇಡಿ. ಇಂಗು, ಸಾಸಿವೆ ಕೂಡ ಬರೆಯಿರಿ.

ಸಾಗರದ ಹುಡುಗ

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಗೆಳತಿ ಹೇಳಿದ್ದರಲ್ಲಿ ತಪ್ಪೇನಿಲ್ಲ. ಸಹಾಯ ಮಾಡಿದ್ದಾರೆ, ಒಪ್ಪುತ್ತೇನೆ. ಥ್ಯಾಂಕ್ಸ್ ಹೇಳಿ, ಒಂದು ದಿನ ಮನೆಗೆ ಕರೆದು ಊಟ ಹಾಕಿ. ಅದಕ್ಕೆ ಚರ್ಚಿನ ಕೆಲಸಕ್ಕೆಲ್ಲ ಯಾಕೆ ಹೋಗಬೇಕು? ಋಣ ಅನ್ನುವುದು ಹೀಗೇ ಶುರುವಾಗುತ್ತದೆ. ಅದೂ ಇಂಗ್ಲಿಷ್ ಬಾರದ ಅಮ್ಮನನ್ನು ಕರೆದುಕೊಂಡು.

ಜರ್ಸಿ ಕಡೆಯ ಮಾಮ

ನಾನು ದಕ್ಷಿಣ ನ್ಯೂಜರ್ಸಿಯ ಒಂದು ಮೀಟಿಂಗ್‌ಗೆ ಹನ್ನೆರಡು ವರ್ಷದಿಂದ ಹೋಗುತ್ತಿದ್ದೇನೆ. ಅವರ ಲೆಕ್ಕದಲ್ಲಿ ನಾನು "ಅಟೆಂಡರ್". ನಮ್ಮೂರ ಆಫೀಸಿನ ಅಟೆಂಡರ್ ಅಲ್ಲ. ಸದಸ್ಯನಾಗದೆ ಬಂದು ಕೂರುವವನು ಅಂತ ಅರ್ಥ. ಹನ್ನೆರಡು ವರ್ಷದಲ್ಲಿ "ಸದಸ್ಯ ಆಗು" ಅಂತ ಒಬ್ಬರೂ ಹೇಳಿಲ್ಲ. ಆಗಬೇಕು ಅಂದರೆ ನಾನೇ ಕಾಗದ ಬರೆಯಬೇಕು, ಆಮೇಲೆ ಒಂದಿಬ್ಬರು ಮನೆಗೆ ಬಂದು ಕೂತು ಮಾತಾಡುತ್ತಾರೆ. ದೇವರ ಮನೆಯಲ್ಲಿ ದಿನಾ ದೀಪ ಹಚ್ಚುತ್ತೇನೆ, ಭಾನುವಾರ ಅಲ್ಲಿ ಹೋಗಿ ಕೂರುತ್ತೇನೆ. ಎರಡಕ್ಕೂ ಜಗಳ ಆಗಿಲ್ಲ.

ಫಿಲಡೆಲ್ಫಿಯಾ ಸುತ್ತಲಿನ ಮೀಟಿಂಗ್‌ಗಳಲ್ಲಿ ಪಾದ್ರಿ ಇಲ್ಲ. ಉಪದೇಶ ಇಲ್ಲ. ಒಂದು ಗಂಟೆ ಸುಮ್ಮನೆ ಕೂರುವುದು. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಎರಡು ನಿಮಿಷ ಹೇಳಿ ಕೂರುತ್ತಾರೆ. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಕೊನೆಗೆ ಒಬ್ಬರು ಪಕ್ಕದವರ ಕೈ ಕುಲುಕುತ್ತಾರೆ, ಅಲ್ಲಿಗೆ ಮುಗಿಯಿತು.

ಹೆಸರುಗಳನ್ನೂ ತಿಳಿದುಕೊಳ್ಳಿ, ಹಾಳೆ ಓದುವಾಗ ಗೊಂದಲ ಆಗುತ್ತದೆ. ತಿಂಗಳಿಗೊಮ್ಮೆ ವ್ಯವಹಾರದ ಸಭೆ ಸೇರುವ ಊರಿನ ಗುಂಪು "ಮಂತ್ಲಿ ಮೀಟಿಂಗ್". ಸುತ್ತಲಿನ ಊರುಗಳು ಸೇರಿದರೆ "ಕ್ವಾರ್ಟರ್ಲಿ". ಇಡೀ ಪ್ರದೇಶ ಸೇರಿದರೆ "ಇಯರ್ಲಿ ಮೀಟಿಂಗ್". ಫಿಲಡೆಲ್ಫಿಯಾದ್ದು 1681ರಿಂದ ಇದೆ. ಪೂರ್ವ ಪೆನ್ಸಿಲ್ವೇನಿಯಾ, ದಕ್ಷಿಣ ಜರ್ಸಿ, ಡೆಲವೇರ್, ಮೇರಿಲ್ಯಾಂಡಿನ ಒಂದು ಭಾಗ ಎಲ್ಲ ಅದರಲ್ಲೇ ಬರುತ್ತದೆ. ನಿಮ್ಮ ಹಾಳೆಯಲ್ಲಿರುವ "ಎಲ್ಲರೂ ಸೇರುವ ಭಾನುವಾರ" ಬಹುಶಃ ಕ್ವಾರ್ಟರ್ಲಿ. ಅದಕ್ಕೆ ಖಂಡಿತ ಹೋಗಿ. ಊಟ ಜೋರಾಗಿರುತ್ತದೆ.

ವಿಚಿಟಾ ವಾಸಿ

ಮಾಮ, ನೀವು ಹೇಳುತ್ತಿರುವುದು ನಿಮ್ಮ ಕಡೆಯ ಮಾತು. ನಾನಿರುವ ಕಾನ್ಸಾಸ್‌ನಲ್ಲಿ ಕ್ವೇಕರ್‌ಗಳ "ಫ್ರೆಂಡ್ಸ್ ಚರ್ಚ್" ಅಂದರೆ ಪಾದ್ರಿ ಇದ್ದಾರೆ, ಹಾಡು ಇದೆ, ಉಪದೇಶ ಇದೆ, ಬೈಬಲ್ ತರಗತಿ ಇದೆ. ಇಲ್ಲಿಯವರು ಮಿಷನ್ ಕೆಲಸವನ್ನೂ ಮಾಡುತ್ತಾರೆ, ಮುಚ್ಚಿಟ್ಟುಕೊಂಡಲ್ಲ. ಇಬ್ಬರೂ ಕ್ವೇಕರ್‌ಗಳೇ. ಅಲ್ಲಿಯದನ್ನು ನೋಡಿ "ಕ್ವೇಕರ್ ಅಂದರೆ ಹೀಗೆ" ಅನ್ನುವುದು ತಪ್ಪು.

ನೈರೋಬಿಯಿಂದ

ಜಗತ್ತಿನಲ್ಲಿ ಅತಿ ಹೆಚ್ಚು ಕ್ವೇಕರ್‌ಗಳಿರುವುದು ಕೀನ್ಯಾದಲ್ಲಿ. ಪಶ್ಚಿಮದ ಕೈಮೋಸಿಯಲ್ಲಿ 1902ರಲ್ಲಿ ಅಮೆರಿಕದ ಮಿಷನ್ ಶುರುವಾಯಿತು, ಅಲ್ಲಿಂದ ಬೆಳೆದದ್ದು. ನಮ್ಮ ಆಫೀಸಿನವರ ಜೊತೆ ಒಂದು ಭಾನುವಾರ ಹೋಗಿದ್ದೆ. ಮೌನ ಹುಡುಕಿದರೂ ಸಿಗಲಿಲ್ಲ. ಹಾಡೋ ಹಾಡು! ಹೊರಗೆ ಬಂದಾಗ ಗಂಟಲು ನನಗೇ ಕಟ್ಟಿತ್ತು.

ಸಾಗರದ ಹುಡುಗ

ನೋಡಿ, ಮಿಷನ್ ಇದೆ ಅಂತ ಇಬ್ಬರು ಹೇಳಿದರು. ನಾನು ಹೇಳಿದ್ದೂ ಅದನ್ನೇ ಅಲ್ವಾ?

ಇಟಾರ್ಸಿ ಜಂಕ್ಷನ್

ಭಾರತಕ್ಕೂ ಬಂದಿದ್ದರು, ಅದನ್ನು ಅಲ್ಲಗಳೆಯಬೇಕಿಲ್ಲ. ನಾನು ರೈಲ್ವೆಯಲ್ಲಿದ್ದವನು, ಮಧ್ಯಪ್ರದೇಶದ ಇಟಾರ್ಸಿಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಹೋಶಂಗಾಬಾದ್ ಕಡೆ, ಅಂದರೆ ಈಗಿನ ನರ್ಮದಾಪುರಂ ಕಡೆ, ಬ್ರಿಟಿಷ್ ಕ್ವೇಕರ್‌ಗಳು 19ನೇ ಶತಮಾನದಲ್ಲೇ ಬಂದರು. ಶಾಲೆ ಕಟ್ಟಿದರು, ಆಸ್ಪತ್ರೆ ಕಟ್ಟಿದರು. ಮತಪ್ರಚಾರವೂ ಇತ್ತು. ಅಲ್ಲಿ ಈಗಲೂ ಪುಟ್ಟ ಕ್ವೇಕರ್ ಸಮುದಾಯ ಇದೆ.

ಆದರೆ ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ಹೋಶಂಗಾಬಾದ್ ಪಕ್ಕದ ರಸೂಲಿಯಾದಲ್ಲಿ ಅವರ ಗ್ರಾಮ ಕೇಂದ್ರ ಇತ್ತು. ಗಾಂಧೀಜಿಯ ಸೇವಾಗ್ರಾಮದಲ್ಲಿ ಕೆಲಸ ಮಾಡಿದ ಮಾರ್ಜರಿ ಸೈಕ್ಸ್ ಅಲ್ಲೂ ಇದ್ದರು. 1972ರಲ್ಲಿ ರಸೂಲಿಯಾ ಕೇಂದ್ರ ಮತ್ತು ಕಿಶೋರ್ ಭಾರತಿ ಅನ್ನುವ ಸಂಸ್ಥೆ ಸೇರಿ ಹಳ್ಳಿಯ 16 ಶಾಲೆಗಳಲ್ಲಿ ಹೊಸ ರೀತಿ ವಿಜ್ಞಾನ ಕಲಿಸಲು ಶುರು ಮಾಡಿದವು. ಅದೇ ಮುಂದೆ ಹೋಶಂಗಾಬಾದ್ ವಿಜ್ಞಾನ ಅಂತ ಹೆಸರಾಯಿತು. ಪುಸ್ತಕ ಉರು ಹೊಡೆಯುವ ಬದಲು ಮಕ್ಕಳು ಹೊಲಕ್ಕೆ ಹೋಗಿ ಎಲೆ, ಹುಳು, ಮಣ್ಣು ತಂದು ನೋಡಿ ಕಲಿಯುವುದು. ನಮ್ಮ ಕ್ವಾರ್ಟರ್ಸ್ ಪಕ್ಕದ ಹುಡುಗ ಬೆಂಕಿಪೊಟ್ಟಣದಲ್ಲಿ ಹುಳು ಇಟ್ಟುಕೊಂಡು ಓಡಾಡುತ್ತಿದ್ದ, "ಇದು ನಮ್ಮ ಹೋಂವರ್ಕ್" ಅನ್ನುತ್ತಿದ್ದ. ಅದರಲ್ಲಿ ಮತದ ಮಾತೇ ಇರಲಿಲ್ಲ.

ಸಾಗರದ ತಮ್ಮ, ನಿಮ್ಮ ಆತಂಕಕ್ಕೆ ಕಾರಣ ಇದೆ. ಆದರೆ ಈ ಹೆಣ್ಣುಮಗಳಿಗೆ ಸೂಪ್ ಕೊಟ್ಟವರ ಮೇಲೆ ಆ ಕಾರಣವನ್ನು ಹೊರಿಸಬೇಡಿ.

ಮಂಡ್ಯದ ಗೌಡ್ರು

ಕ್ವೇಕರ್ ಓಟ್ಸ್ ಇವರದೇನಾ?

ಜರ್ಸಿ ಕಡೆಯ ಮಾಮ

ಅಲ್ಲ. ಆ ಹೆಸರನ್ನು ಓಟ್ಸ್ ಕಂಪನಿಯವರು 1877ರಲ್ಲಿ ನೋಂದಾಯಿಸಿದರು. ಕ್ವೇಕರ್‌ಗಳಿಗೆ ಪ್ರಾಮಾಣಿಕರು ಅನ್ನುವ ಹೆಸರಿತ್ತಲ್ಲ, ಅದನ್ನು ಬಳಸಿಕೊಂಡರು. ಕ್ಯಾಡ್ಬರಿ ಮನೆತನ ಮಾತ್ರ ನಿಜವಾಗಿ ಕ್ವೇಕರ್.

ಮಂಡ್ಯದ ಗೌಡ್ರು

ಹಾಗಾದರೆ ಡೈರಿಮಿಲ್ಕ್ ತಿನ್ನುವವರೆಲ್ಲ ಅರ್ಧ ಅಟೆಂಡರ್ ಆದಂಗಾಯ್ತು.

ಬಲ್ಮಠದವಳು

ನಾನು ಮಂಗಳೂರಿನ ಬಾಸೆಲ್ ಮಿಷನ್ ಕಡೆಯ ಕುಟುಂಬದವಳು. ಚರ್ಚ್ ಅಂದರೆ ನನಗೆ ಕನ್ನಡ ಸಂಗೀತಗಳು, ಆರ್ಗನ್, ಬೆಳೆಹಬ್ಬದ ದಿನ ಬಾಳೆಗೊನೆ ಏಲಂ ಹಾಕುವಾಗಿನ ಗಲಾಟೆ. ಡೆಲವೇರ್‌ಗೆ ಬಂದ ಹೊಸದರಲ್ಲಿ ಕ್ವೇಕರ್ ಮೀಟಿಂಗ್‌ಗೆ ಹೋದಾಗ ನನಗೇ ಅದು ಚರ್ಚ್ ಅನ್ನಿಸಲಿಲ್ಲ. ಹಾಡೇ ಇಲ್ಲದ ಭಾನುವಾರ! ಇಪ್ಪತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯಿತು. ಬೆಂಚಿನ ಮರ ಕಿರ್ ಅಂದರೆ ಎಲ್ಲರಿಗೂ ಕೇಳುತ್ತದೆ ಅಂತ ಭಯ. ಎದುರಿಗೆ ಒಬ್ಬ ತಾತ, ಮಂಡಿ ಮೇಲೆ ಎರಡೂ ಅಂಗೈ ಮೇಲ್ಮುಖ ಇಟ್ಟುಕೊಂಡು ಕೂತಿದ್ದರು. ಅವರ ಬೆರಳು ಸ್ವಲ್ಪ ನಡುಗುತ್ತಿತ್ತು. ಆ ಬೆರಳನ್ನೇ ನೋಡುತ್ತಾ ಕೂತೆ. ನಲವತ್ತು ನಿಮಿಷ ಹೇಗೆ ಹೋಯಿತೋ ಗೊತ್ತಿಲ್ಲ.

ಆದರೂ ನಾನು ಹಾಡು ಇರುವ ಚರ್ಚಿಗೇ ವಾಪಸ್ ಹೋದೆ. ನನಗೆ ಹಾಡು ಬೇಕು. ವರ್ಷಕ್ಕೆ ಒಂದೆರಡು ಸಲ ಇಲ್ಲಿಗೂ ಹೋಗುತ್ತೇನೆ, ಸ್ಯಾಂಡ್‌ವಿಚ್ ದಿನ ತಪ್ಪಿಸುವುದಿಲ್ಲ. ಇಂಥ ಕೆಲಸಕ್ಕೆ ಹೋಗಲು ಅವರ ನಂಬಿಕೆಗೆಲ್ಲ ತಲೆ ಆಡಿಸಬೇಕಿಲ್ಲ ರೀ. ನಾನು ಕ್ರೈಸ್ತಳಾಗಿಯೇ ಅವರದ್ದೆಲ್ಲ ಒಪ್ಪುವುದಿಲ್ಲ. ಅವರಲ್ಲಿ ನೀರಿನ ದೀಕ್ಷಾಸ್ನಾನ ಇಲ್ಲ, ರೊಟ್ಟಿ-ದ್ರಾಕ್ಷಾರಸ ಇಲ್ಲ.

ಕಲ್ಯಾಣದ ಕಡೆಯವ

ಗುರುವಿಲ್ಲದೆ, ಪುರೋಹಿತರಿಲ್ಲದೆ, ಹೆಂಗಸರೂ ಎದ್ದು ಮಾತಾಡುವ ಸಭೆ ಅಂದ ಕೂಡಲೇ ನನಗೆ ನೆನಪಾಗುವುದು ಅನುಭವ ಮಂಟಪ. ಇವರದು 17ನೇ ಶತಮಾನ, ನಮ್ಮದು 12ನೇ ಶತಮಾನ. ಐನೂರು ವರ್ಷ ಮೊದಲೇ ನಮ್ಮಲ್ಲಿ ಇತ್ತು.

ಧಾರವಾಡ ಪೇಡೆ

ನೆನಪಾಗೋದು ಸರಿ ರೀ, ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಶರಣರಲ್ಲಿ ಗುರು ಇದ್ದಾನೆ, ಅಷ್ಟಾವರಣದಲ್ಲಿ ಮೊದಲನೆಯದೇ ಗುರು. ಕೈಯಲ್ಲಿ ಇಷ್ಟಲಿಂಗ ಇದೆ. ಮತ್ತೆ ಅವರು ಸುಮ್ಮನೆ ಕೂತವರಲ್ಲ. ಮಾತಾಡಿದರು, ವಾದ ಮಾಡಿದರು, ವಚನ ಕಟ್ಟಿದರು. ಹೋಲಿಕೆ ಮಾಡುವುದಾದರೆ ಕಾಯಕದಲ್ಲಿ ಮಾಡಿ. ಕೈಕೆಲಸವೇ ಪೂಜೆ ಅನ್ನುವುದು ಎರಡೂ ಕಡೆ ಕಾಣುತ್ತದೆ.

ಕಲ್ಯಾಣದ ಕಡೆಯವ

ಕಾಯಕದ ಮಾತು ಒಪ್ಪಿದೆ. "ಗುರುವಿಲ್ಲದೆ" ಅಂದದ್ದು ನನ್ನ ತಪ್ಪು.

ಇತಿಹಾಸ ಓದುವವ

ಎಲ್ಲರೂ ಮೌನವನ್ನು ಹೊಗಳುತ್ತಿದ್ದೀರಿ. ಒಂದು ವಿಷಯ ನೆನಪಿರಲಿ. ಫಿಲಡೆಲ್ಫಿಯಾದಲ್ಲೇ 1829ರಲ್ಲಿ ಈಸ್ಟರ್ನ್ ಸ್ಟೇಟ್ ಜೈಲು ತೆರೆಯಿತು. ಕೈದಿಯನ್ನು ಒಂಟಿಯಾಗಿ, ಮಾತಿಲ್ಲದೆ ಇಟ್ಟರೆ ಅವನ ಮನಸ್ಸು ತಿರುಗುತ್ತದೆ ಅನ್ನುವುದು ಅದರ ಹಿಂದಿನ ಯೋಚನೆ. ಅದರಲ್ಲಿ ಕ್ವೇಕರ್‌ಗಳ ಪ್ರಭಾವ ಇತ್ತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು, ಎಷ್ಟೋ ಜನರಿಗೆ ಅದು ನರಕವಾಯಿತು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ತಂದು ಇಡುತ್ತಿದ್ದ ವಸತಿ ಶಾಲೆಗಳನ್ನೂ ಅವರು ನಡೆಸಿದ್ದಾರೆ.

ಇನ್ನೊಂದು ಪಕ್ಕವೂ ಇದೆ. 1688ರಲ್ಲಿ ಜರ್ಮನ್‌ಟೌನ್‌ನಲ್ಲಿ ನಾಲ್ಕು ಜನ ಸೇರಿ ಗುಲಾಮಗಿರಿ ತಪ್ಪು ಅಂತ ಸಹಿ ಹಾಕಿ ಬರೆದುಕೊಟ್ಟರು. ಆಗ ಕ್ವೇಕರ್‌ಗಳಲ್ಲೇ ಎಷ್ಟೋ ಜನ ಗುಲಾಮರನ್ನು ಇಟ್ಟುಕೊಂಡಿದ್ದರು. ಆ ಕಾಗದ ಒಂದು ಸಭೆಯಿಂದ ಮೇಲಿನ ಸಭೆಗೆ, ಅಲ್ಲಿಂದ ಅದರ ಮೇಲಿನ ಸಭೆಗೆ ಹೋಯಿತು, ಯಾರೂ ತೀರ್ಮಾನ ಮಾಡಲಿಲ್ಲ. ಗುಲಾಮರನ್ನು ಇಟ್ಟುಕೊಂಡವರು ಸದಸ್ಯರಾಗಿರುವಂತಿಲ್ಲ ಅಂತ ಫಿಲಡೆಲ್ಫಿಯಾ ಇಯರ್ಲಿ ಮೀಟಿಂಗ್ ನಿರ್ಧರಿಸಿದ್ದು 1776ರಲ್ಲಿ. 88 ವರ್ಷ!

ಜರ್ಸಿ ಕಡೆಯ ಮಾಮ

ನಿಜ. ಇದನ್ನು ನಮ್ಮ ಮೀಟಿಂಗ್‌ನಲ್ಲೇ ಓದಿ ಚರ್ಚೆ ಮಾಡುತ್ತಾರೆ. ವಸತಿ ಶಾಲೆಗಳ ಬಗ್ಗೆ ಮಾತು ಬಂದ ದಿನ ಒಬ್ಬರು ಅತ್ತಿದ್ದನ್ನು ನೋಡಿದ್ದೇನೆ.

ನಿಧಾನದ ವಿಷಯ ಮಾತ್ರ ನನಗೂ ಸಿಟ್ಟು ತರಿಸುತ್ತದೆ. ಅವರ ಸಭೆಯಲ್ಲಿ ಮತ ಹಾಕುವುದಿಲ್ಲ. ಕೈ ಎತ್ತಿ ಎಣಿಸುವುದಿಲ್ಲ. ಎಲ್ಲರ ಮನಸ್ಸು ಒಂದು ಕಡೆ ಬರುವ ತನಕ ಕಾಯುತ್ತಾರೆ. ಸಭೆ ನಡೆಸುವ "ಕ್ಲರ್ಕ್" ಅಲ್ಲೇ ನಿರ್ಣಯ ಬರೆದು ಓದುತ್ತಾರೆ, ಎಲ್ಲರೂ ಹೂಂ ಅಂದರೆ ಆಯಿತು. ಒಪ್ಪದವರು ಇದ್ದರೆ ಮುಂದಿನ ತಿಂಗಳು. ನಮ್ಮಲ್ಲಿ ಅಂಗಳದ ಒಂದು ಹಳೇ ಮರ ಕಡಿಯಬೇಕೋ ಬೇಡವೋ ಅಂತ ಎಂಟು ತಿಂಗಳು ಆಯಿತು. ಒಂದು ಬಿರುಗಾಳಿಗೆ ಕೊಂಬೆ ಮುರಿದು ಚಾವಣಿಗೆ ಬಿತ್ತು. ಆದರೆ ಆ ಎಂಟು ತಿಂಗಳಲ್ಲಿ ಯಾರೂ ಯಾರ ಜೊತೆಯೂ ಮಾತು ಬಿಡಲಿಲ್ಲ.

ಸಾಗರದ ಹುಡುಗ

ನಾನಿದ್ದ ಊರಿನ ಕನ್ನಡ ಸಂಘ ಯುಗಾದಿ ಹಾಲ್ ಬಾಡಿಗೆ ವಿಷಯಕ್ಕೆ ಎರಡು ಸಂಘ ಆಯಿತು. ಇಪ್ಪತ್ತು ನಿಮಿಷದ ಸಭೆ. ಇವತ್ತಿಗೂ ಆ ಎರಡು ಮನೆಯವರು ಒಬ್ಬರನ್ನೊಬ್ಬರು ಊಟಕ್ಕೆ ಕರೆಯಲ್ಲ. ಮತ ಹಾಕದೆ ಕಾಯುವ ಈ ಕ್ರಮ ನಮಗೆ ಬರಬಹುದಾಗಿತ್ತು. ಮೇಲಿನ ಮಾತು ಸ್ವಲ್ಪ ಜೋರಾಗಿ ಬರೆದೆ ಅಕ್ಕ, ತಪ್ಪು ತಿಳಿಯಬೇಡಿ. ಅನುಮಾನ ಇನ್ನೂ ಇದೆ, ಆದರೆ ನೀವು ಋಣ ತೀರಿಸಲು ಹೋಗುತ್ತಿಲ್ಲ ಅಂತ ಅರ್ಥವಾಯಿತು.

ಧಾರವಾಡ ಪೇಡೆ

ಹಾಳೆಯಲ್ಲಿ ಭಾನುವಾರ ಅಂತ ಬರೆದಿದ್ದಾರಾ, "ಫಸ್ಟ್ ಡೇ" ಅಂತನಾ? ಹಳೇ ಕ್ವೇಕರ್‌ಗಳು ಸಂಡೇ, ಮಂಡೇ ಅನ್ನುತ್ತಿರಲಿಲ್ಲ. ಆ ಹೆಸರು ಬೇರೆ ದೇವತೆಗಳದ್ದು ಅಂತ ಮೊದಲ ದಿನ, ಎರಡನೇ ದಿನ ಅಂತ ಎಣಿಸುತ್ತಿದ್ದರು. ನಮ್ಮ ಭಾನು, ಸೋಮ, ಮಂಗಳ ಎಲ್ಲವೂ ಗ್ರಹಗಳೇ ಅಲ್ವಾ. ಅವರ ಲೆಕ್ಕದಲ್ಲಿ ನಾವು ವಾರಕ್ಕೆ ಏಳು ಸಲ ತಪ್ಪು ಮಾಡುತ್ತೇವೆ.

ತಿಪಟೂರಿನವಳು

ಹಾಳೆಯಲ್ಲಿ ಸಂಡೇ ಅಂತಲೇ ಇದೆ. ಆದರೆ ಮಕ್ಕಳ ತರಗತಿಗೆ "ಫಸ್ಟ್ ಡೇ ಸ್ಕೂಲ್" ಅಂತಾರೆ. ನನ್ನ ಮಗಳು ಅದನ್ನು ಶಾಲೆಯ ಮೊದಲ ದಿನ ಅಂದುಕೊಂಡು ಹೊಸ ಬ್ಯಾಗ್ ಹಾಕಿಕೊಂಡು ಹೊರಟಿದ್ದಳು.

ಎಲ್ಲರಿಗೂ ಥ್ಯಾಂಕ್ಸ್. ಜೈಲಿನ ವಿಷಯ ಗೊತ್ತಿರಲಿಲ್ಲ. ಓದಿ ಮನಸ್ಸು ಭಾರವಾಯಿತು. ಸಮಾಧಿ ಜಾಗದ ಬಗ್ಗೆ ಯಾರಾದರೂ ಹೇಳಿ.

ಕಲಾಸಿಪಾಳ್ಯ

ನಮ್ಮ ಅತ್ತೆಗೂ ಹೀಗೇ ಆಗಿತ್ತು. ಸ್ಮಶಾನದ ಕಡೆ ಹೆಜ್ಜೆ ಇಡುವುದಿಲ್ಲ ಅಂದರು. ಬಲವಂತ ಬೇಡ. ಅವರ ನಂಬಿಕೆ ಅವರದು. ಮುಂದಿನ ಅಂಗಳ ಗುಡಿಸಲಿ, ಹಿಂದಕ್ಕೆ ನೀವು ಹೋಗಿ. ಮನೆಗೆ ಬಂದು ತಲೆಗೆ ಸ್ನಾನ ಮಾಡಿದರಾಯಿತು.

ಎಕ್ಸ್‌ಟನ್ ಎಂಜಿನಿಯರ್

ಸ್ನಾನ ಹೇಗಿದ್ದರೂ ಮಾಡಲೇಬೇಕು, ರಕ್ತ ಹೀರುವ ಉಣ್ಣೆ ಹುಳುವಿನ ದೆಸೆಯಿಂದ. ಪೆನ್ಸಿಲ್ವೇನಿಯಾದಲ್ಲಿ ಅದು ಕಚ್ಚಿ ಬರುವ ಲೈಮ್ ರೋಗ ಜಾಸ್ತಿ. ಜಿಂಕೆ ಉಣ್ಣೆ ಚಳಿ ಬಂತು ಅಂತ ಸಾಯುವುದಿಲ್ಲ, ನವೆಂಬರ್‌ನಲ್ಲೂ ಒದ್ದೆ ಎಲೆಯಲ್ಲಿ ಇರುತ್ತದೆ. ತಿಳಿ ಬಣ್ಣದ ಬಟ್ಟೆ ಹಾಕಿ, ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ. ಅಮ್ಮನಿಗೆ ಸೀರೆ ಬೇಡ, ನಿಮ್ಮ ಟ್ರ್ಯಾಕ್ ಪ್ಯಾಂಟ್ ಕೊಡಿ. ಮನೆಗೆ ಬಂದು ಕಿವಿ ಹಿಂದೆ, ಮಂಡಿ ಹಿಂದೆ, ಕಂಕುಳು, ತಲೆಗೂದಲು ಎಲ್ಲ ನೋಡಿ. ನನ್ನ ತಮ್ಮನಿಗೆ ಸೊಂಟದ ಹತ್ತಿರ ಕಚ್ಚಿದ್ದು ಎಳ್ಳಿನ ಕಾಳಿನಷ್ಟೇ ಇತ್ತು.

ಇನ್ನೊಂದು. ಎಲೆ ಎಳೆಯುವ ಇಲ್ಲಿಯ ಉದ್ದ ಹಿಡಿಯ ರೇಕ್ ಹಿಡಿಯಲು ಅಮ್ಮನಿಗೆ ಕಷ್ಟ ಆಗಬಹುದು. ನನ್ನ ಹತ್ತಿರ ಇಂಡಿಯನ್ ಅಂಗಡಿಯಿಂದ ತಂದ ತೆಂಗಿನ ಕಡ್ಡಿ ಪೊರಕೆ ಎರಡಿದೆ. ಬೇಕಾದರೆ ಒಂದು ತಂದುಕೊಡುತ್ತೇನೆ.

ಪೆನ್ಸ್‌ಬರಿ ಪದ್ಮ

ಕ್ವೇಕರ್ ಸಮಾಧಿಗಳು ನಾವು ಊಹಿಸಿಕೊಳ್ಳುವ ಹಾಗೆ ಇರುವುದಿಲ್ಲ. ದೇವದೂತರು, ದೊಡ್ಡ ಶಿಲುಬೆ ಏನೂ ಇಲ್ಲ. ಮಂಡಿಯಷ್ಟೂ ಎತ್ತರ ಇಲ್ಲದ ಪುಟ್ಟ ಕಲ್ಲುಗಳು, ಹೆಸರು ಮತ್ತು ವರ್ಷ ಅಷ್ಟೇ. ಮೊದಮೊದಲು ಕಲ್ಲೂ ನೆಡುತ್ತಿರಲಿಲ್ಲ. ಸತ್ತ ಮೇಲೆ ದೊಡ್ಡವರು ಚಿಕ್ಕವರು ಅಂತ ಬೇಡ ಅನ್ನುವುದು ಕಾರಣ.

ಸಂಬಂಧ ಇಲ್ಲದ ಮಾತು, ಆದರೂ ಹೇಳುತ್ತೇನೆ. ಸಹೋದ್ಯೋಗಿಯ ಮದುವೆಗೆ ಮೀಟಿಂಗ್‌ಹೌಸ್‌ಗೆ ಹೋಗಿದ್ದೆ. ಪುರೋಹಿತರೇ ಇಲ್ಲ. ಹುಡುಗ ಹುಡುಗಿ ತಾವೇ ಎದ್ದು ಮಾತು ಕೊಟ್ಟುಕೊಂಡರು. ಪೆನ್ಸಿಲ್ವೇನಿಯಾದಲ್ಲಿ ಹಾಗೆ ಮದುವೆಯಾಗಲು ಕಾನೂನಿನಲ್ಲೇ ಬೇರೆ ಲೈಸೆನ್ಸ್ ಇದೆ. ಆಮೇಲೆ ದೊಡ್ಡ ಕಾಗದವೊಂದನ್ನು ಮೇಜಿನ ಮೇಲೆ ಹರಡಿದರು, ಬಂದವರೆಲ್ಲ ಸಹಿ ಹಾಕಬೇಕು. ನನ್ನ ಆರು ವರ್ಷದ ಮಗ ಕನ್ನಡದಲ್ಲಿ ಹಾಕಿದ. "ನ"ದ ಕೊಂಬು ಪಕ್ಕದವರ ಹೆಸರಿನ ಮೇಲೆ ಹೋಯಿತು. ಆ ಕಾಗದ ಈಗ ಅವರ ಮನೆಯ ಗೋಡೆ ಮೇಲಿದೆ.

ರಾಗಿಮುದ್ದೆ77

ಎಲ್ಲ ಸರಿ, ಚಿತ್ರಾನ್ನ ಪಕ್ಕಾ ಆಯ್ತಾ?

ತಿಪಟೂರಿನವಳು

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಹೋಗಿ ಬಂದೆವು.

ಎಕ್ಸ್‌ಟನ್‌ನವರು ಶುಕ್ರವಾರ ಸಂಜೆಯೇ ಪೊರಕೆ ತಂದುಕೊಟ್ಟರು. ಅಮ್ಮ ಅದನ್ನು ಕೈಯಲ್ಲಿ ಹಿಡಿದು, ಹಿಂಭಾಗವನ್ನು ಅಂಗೈಗೆ ಎರಡು ಸಲ ಕುಟ್ಟಿ ಕಡ್ಡಿ ಸಮ ಮಾಡಿಕೊಂಡರು. "ನಮ್ಮ ಕಡೆ ಕಡ್ಡಿ ಇನ್ನೂ ಉದ್ದ ಇರತ್ತೆ" ಅಂದರು. ತಿಪಟೂರಿನವರಿಗೆ ತೆಂಗಿನ ವಿಷಯದಲ್ಲಿ ಯಾವುದೂ ಸಾಲದು.

ಶನಿವಾರ ಬೆಳಗ್ಗೆ ಇಪ್ಪತ್ತೈದು ಜನ ಇದ್ದರು. ಎಲ್ಲರೂ ರೇಕ್ ಹಿಡಿದು ಎಳೆಯುತ್ತಿದ್ದರು. ಅಮ್ಮ ಟ್ರ್ಯಾಕ್ ಪ್ಯಾಂಟ್ ಮೇಲೆ ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿ, ಎಡಗೈ ಬೆನ್ನ ಮೇಲಿಟ್ಟು ಬಗ್ಗಿ ಗುಡಿಸುತ್ತಾ ಹೋದರು. ಬಾಗಿಲ ಮುಂದಿನ ಕಲ್ಲು ಹಾಸಿನ ಸಂದಿಯಲ್ಲಿ ರೇಕಿಗೆ ಸಿಗದ ಪುಡಿ ಎಲೆ ಎಲ್ಲ ಬಂತು. ಇಬ್ಬರು ಹುಡುಗರು ನಿಂತು ನೋಡಿದರು. ಆಮೇಲೆ ಪೊರಕೆ ಇಸಿದುಕೊಂಡು ತಾವೂ ಗುಡಿಸಿದರು. ಅವರಿಗೆ ಸೊಂಟ ನೋವು ಬಂತು, ಅಮ್ಮನಿಗೆ ಬರಲಿಲ್ಲ.

ಹಿಂದಕ್ಕೆ ನಾನು ಮಾತ್ರ ಹೋದೆ. ಅಮ್ಮ ಬೇಲಿ ಪಕ್ಕ ನಿಂತಿದ್ದರು. ಪಕ್ಕದ ಮನೆಯ ಅಜ್ಜಿ ಒಂದು ಕಲ್ಲಿನ ಹತ್ತಿರ ಬಗ್ಗಲು ಆಗದೆ ಕೋಲಿನಲ್ಲಿ ಎಲೆ ಸರಿಸುತ್ತಿದ್ದರು. ಅಮ್ಮ ನನ್ನನ್ನು ಕೂಗಿ "ಅದು ಯಾರ್ದು?" ಅಂದರು. "ಅವರ ಯಜಮಾನರದು" ಅಂದೆ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಚಪ್ಪಲಿ ಬೇಲಿ ಹತ್ತಿರ ಬಿಟ್ಟು, ಆ ಚಳಿಯಲ್ಲಿ ಬರೀ ಕಾಲುಚೀಲದಲ್ಲಿ ಒಳಗೆ ಬಂದರು. ಆ ಒಂದು ಕಲ್ಲಿನ ಸುತ್ತ ಮಾತ್ರ ಗುಡಿಸಿದರು. ಕಲ್ಲಿನ ಮೇಲಿನ ಧೂಳನ್ನು ಮಫ್ಲರ್ ತುದಿಯಿಂದ ಒರೆಸಿದರು. ಅಜ್ಜಿ ಅವರ ಕೈ ಹಿಡಿದುಕೊಂಡು ಏನೋ ಹೇಳಿದರು. ಅಮ್ಮ ಕನ್ನಡದಲ್ಲೇ "ನಮ್ಮನೆಯವರೂ ಹೋಗಿ ನಾಲ್ಕು ವರ್ಷ ಆಯ್ತು" ಅಂದರು. ನಾನು ಅನುವಾದ ಮಾಡಲು ಹೋಗಲಿಲ್ಲ.

ಮನೆಗೆ ಬಂದು ತಲೆಗೆ ಸ್ನಾನ ಮಾಡಿದರು. ಉಣ್ಣೆ ಇರಲಿಲ್ಲ, ಚೆನ್ನಾಗಿ ನೋಡಿದೆ. ಕಾಲುಚೀಲ ಎಸೆದೆವು.

ಭಾನುವಾರ ಮೀಟಿಂಗ್‌ಗೂ ಬಂದರು. ಹತ್ತು ನಿಮಿಷ ಆದ ಮೇಲೆ ಕಿವಿಯಲ್ಲಿ "ಪೂಜೆ ಯಾವಾಗ ಶುರು?" ಅಂದರು. "ಇದೇ ಪೂಜೆ" ಅಂದೆ. ಸೆರಗಿನ ಒಳಗೆ ಬೆರಳು ಮಡಿಸುತ್ತಾ ನೂರೆಂಟು ಎಣಿಸಿಕೊಂಡು ಕೂತರು. ಎಷ್ಟು ಸುತ್ತು ಆಯಿತು ಅಂತ ಕೇಳಲಿಲ್ಲ. ಚಿತ್ರಾನ್ನ ಪೂರ್ತಿ ಖಾಲಿ. ಕಡಲೆಬೀಜ ಹಾಕಲಿಲ್ಲ, ಚೀಟಿ ಇಟ್ಟಿದ್ದೆ. ಇವರೂ ಊಟದ ಹೊತ್ತಿಗೆ ಬಂದು ಪಾತ್ರೆ ತೊಳೆದರು.

ಸಾಗರದ ಹುಡುಗ

ಓದಿದೆ ಅಕ್ಕ. ಚಪ್ಪಲಿ ಬಿಟ್ಟು ಹೋದರು ಅನ್ನುವುದನ್ನು ನಮ್ಮ ಅಮ್ಮನಿಗೂ ಫೋನಿನಲ್ಲಿ ಓದಿ ಹೇಳಿದೆ.

ಎಕ್ಸ್‌ಟನ್ ಎಂಜಿನಿಯರ್

ಪೊರಕೆ ವಾಪಸ್ ಬೇಡ. ಅಮ್ಮನ ಹತ್ತಿರವೇ ಇರಲಿ.

ತಿಪಟೂರಿನವಳು

ಪೊರಕೆ ಮೀಟಿಂಗ್‌ಹೌಸ್‌ನಲ್ಲೇ ಇದೆ ಸಾರ್, ರೇಕ್‌ಗಳ ಪಕ್ಕ ಮೊಳೆಗೆ ನೇತು ಹಾಕಿದ್ದಾರೆ. ಈಗ ಅಮ್ಮನ ಹೊಸ ಪ್ರಶ್ನೆ. ಸ್ಯಾಂಡ್‌ವಿಚ್ ದಿನ ಬೆಣ್ಣೆ ಬದಲು ಕೊತ್ತಂಬರಿ ಚಟ್ನಿ ಸವರಬಹುದಾ?

ಬಲ್ಮಠದವಳು

ಶೆಲ್ಟರ್‌ನವರು ಏನು ಹಾಕಬಹುದು ಅಂತ ಒಂದು ಪಟ್ಟಿ ಕೊಟ್ಟಿರುತ್ತಾರೆ, ಮೊದಲು ಅದನ್ನು ಕೇಳಿ. ನಮ್ಮ ಕಡೆ ಚೀಸ್ ಬಿಟ್ಟು ಬೇರೆ ಒಪ್ಪುವುದಿಲ್ಲ. ಒಪ್ಪಿದರೆ ಹಸಿಮೆಣಸಿನಕಾಯಿ ಅರ್ಧಕ್ಕಿಂತ ಜಾಸ್ತಿ ಹಾಕಬೇಡಿ. ಮತ್ತೆ ಚಟ್ನಿ ಗಟ್ಟಿ ಇರಲಿ, ಇಲ್ಲದಿದ್ದರೆ ಸಂಜೆಗೆ ಬ್ರೆಡ್ ನೆನೆದು ಹೋಗುತ್ತದೆ.